ಹಿಲ್ಲೂರ ಬೀರಪ್ಪನಿಗೆ ಕೊಟ್ಟ ಕರೆ

ಇದರಲ್ಲಿ ಒಂದಕ್ಷರ ಸುಳ್ಳಿದ್ದರೆ ಈ ವರ್ಷ ಪೂರ್ತಿ ನನ್ನ ಸಾರಿನಲ್ಲಿ ಬಂಗಡೆ ಮೀನಿನ ಬಾಲವೂ ಕಾಣದಿರಲಿ. ಅಂಕೋಲೆಯ ಬಸ್‌ಸ್ಟ್ಯಾಂಡಿನಲ್ಲಿ ಕೂತು ಇದಕ್ಕಿಂತ ದೊಡ್ಡ ಆಣೆ ಹಾಕಿದವರಿಲ್ಲ. ನಿಮ್ಮ ಕುಮಟೆ ಬಸ್ಸಿಗೆ ಇನ್ನೂ ಹೊತ್ತಿದೆ. ಚೀಲ ಕೆಳಗಿಟ್ಟು ಆರಾಮಾಗಿ ಕೂತುಕೊಳ್ಳಿ. ಎಲೆ ಅಡಿಕೆ ಹಾಕುವ ಅಭ್ಯಾಸ ಇದೆಯಷ್ಟೆ? ತಲೆಯಾಡಿಸಿದಿರಿ, ಒಳ್ಳೆಯದಾಯಿತು. ಕೊನೆಗೆ ಕೊಡುತ್ತೇನೆ.

ನನ್ನ ತಂಗಿ ಮಂದಾಕಿನಿಯ ಗಂಡ ಗುರುಪ್ರಸಾದ ಕೆಟ್ಟದ್ದು ಒಂದು ತೆಂಗಿನಕಾಯಿಯಿಂದ. ಕಾರವಾರದಲ್ಲಿ, ಕಾಳಿ ನದಿಯ ಬದಿಗೆ, ಹಳೇ ಹಂಚಿನ ಗೋದಾಮಿನಲ್ಲಿ ಪ್ರಾಚೀನ ಇತಿಹಾಸದ ಸಣ್ಣದೊಂದು ಮ್ಯೂಸಿಯಂ ಇದೆ. ಇದೆಯೆಂದು ಊರಿನ ಅರ್ಧ ಜನಕ್ಕೆ ಗೊತ್ತಿಲ್ಲ. ಉಳಿದರ್ಧ ಮಳೆ ಬಂದಾಗ ಅದರ ಜಗಲಿಯಲ್ಲಿ ನಿಲ್ಲುತ್ತಾರೆ. ಅಲ್ಲಿ ಉಪನ್ಯಾಸ, ಪ್ರದರ್ಶನ, ಮಕ್ಕಳಿಗೆ ರಸಪ್ರಶ್ನೆ, ಎಲ್ಲದರ ಜವಾಬ್ದಾರಿ ಗುರುಪ್ರಸಾದನದು. ದುಂಡು ಚಷ್ಮಾ, ಸಪೂರ ಮೈ, ಯಾರು ಎದುರಿಗೆ ಬಂದರೂ ಕೈ ಮುಗಿಯುವ ಸ್ವಭಾವ. ಕಳೆದ ಉಪನ್ಯಾಸಕ್ಕೆ ಮೂರು ಜನ ಬಂದಿದ್ದರು. ಅದರಲ್ಲೊಬ್ಬ ಕರೆಂಟಿನ ಮೀಟರು ನೋಡಲು ಬಂದವನು.

ಹೀಗಿರುವಾಗ ಧಾರವಾಡದಿಂದ ಇಲಾಖೆಯ ದೊಡ್ಡ ಸಾಹೇಬರ ಫೋನು ಬಂತು. "ವೀರಗಲ್ಲಿನ ಪ್ರದರ್ಶನಕ್ಕ ನಾನ ಬರ್ತೇನಿ. ಕುರ್ಚಿ ತುಂಬಿದ್ರ ಮ್ಯೂಸಿಯಂ ಉಳೀತದ. ಖಾಲಿ ಇದ್ವು ಅಂದ್ರ ಬಾಗಲಕ್ಕ ಕೀಲಿ, ನಿಮಗ ಬೀದರ."

ಮಂದಾಕಿನಿಗೆ ಕೈಗಾ ಅಣುಸ್ಥಾವರದಲ್ಲಿ ಕೆಲಸ. ಬೆಳಿಗ್ಗೆ ಕಂಪನಿ ಬಸ್ಸಿಗೆ ಹೋದರೆ ಸಂಜೆ ಅದೇ ಬಸ್ಸಿಗೆ ಬರುತ್ತಾಳೆ. ಅವಳು ತಣ್ಣಗೆ ಹೇಳಿದಳು: "ಬೀದರಕ್ಕೆ ಕೈಗಾ ಬಸ್ ಹೋಗೂದಿಲ್ಲ. ನೀವ್ ಹೋಗಿ. ಅಲ್ಲಿ ಮೀನೂ ಇಲ್ಲ, ನಾನೂ ಇರೂದಿಲ್ಲ. ಎರಡ್ರಲ್ಲಿ ಯಾವ್ದಕ್ಕೆ ಹೆಚ್ಚು ಅಳ್ತ್ರಿ ನೋಡ್ವ."

ಗುರುಪ್ರಸಾದ ಆ ವಾರವೆಲ್ಲ ಕಾರವಾರದ ಬೀದಿ ಬೀದಿ ತಿರುಗಿದ. ಕಂಡವರಿಗೆಲ್ಲ ಕೈ ಮುಗಿದು ಒಂದೇ ಪಾಠ: "ತಾವು ಸಹಕುಟುಂಬ ಸಪರಿವಾರ ಸಮೇತರಾಗಿ ಬಂದು ಕಾರ್ಯಕ್ರಮ ಚಂದಗಾಣಿಸಿ ಕೊಡಬೇಕು." ನಿದ್ದೆಯಲ್ಲೂ ಅದೇ. ಒಂದು ರಾತ್ರಿ ಮಂದಾಕಿನಿಯನ್ನೇ ಸಹಕುಟುಂಬ ಕರೆದನಂತೆ.

ಪ್ರದರ್ಶನದ ದಿನ ಬೆಳಿಗ್ಗೆ ಒಂದೇ ಕಲ್ಲು ಬರಲು ಬಾಕಿ ಇತ್ತು. ಹಿಲ್ಲೂರಿನ ಕಾಡಂಚಿನಲ್ಲಿ, ಜಟ್ಟಪ್ಪ ಎಂಬ ರೈತನ ಗದ್ದೆಯ ಬದುವಿನ ಮೇಲೆ, ಯಾವ ಕಾಲದಲ್ಲೋ ಕಾದಾಡಿ ಸತ್ತವನ ಕಲ್ಲು. ಕೆಳಗಿನ ಪಟ್ಟಿಯಲ್ಲಿ ಕಾಳಗ, ಸುತ್ತ ನೋಡುವ ಮಂದಿ, ನಡುವೆ ಸತ್ತವನನ್ನು ಮೇಲಕ್ಕೊಯ್ಯುವ ಹೆಂಗಸರು, ತುದಿಯಲ್ಲಿ ಲಿಂಗ. ಮ್ಯೂಸಿಯಂಗೆ ಅದು ವೀರಗಲ್ಲು, ಹಿಲ್ಲೂರಿಗೆ ಬೀರಪ್ಪ.

ಟೆಂಪೋ ತಂದು ನಿಲ್ಲಿಸಿದ ಗುರುಪ್ರಸಾದನಿಗೆ ಜಟ್ಟಪ್ಪ ಹೇಳಿದ: "ಸುಮ್ನೆ ಎತ್ಬೇಡಿ ಸರಾ. ಕಾಯಿ ಒಡ್ದು ಹೇಳ್ಕಣಿ. ನಮ್ಮಲ್ಲಿ ಮದುವೆ ಇರ್ಲಿ, ಮನೆ ಒಕ್ಕಲಿರ್ಲಿ, ಅಂವಂಗೆ ಹೇಳ್ದೆ ಕಡ್ಡಿ ಅಲ್ಲಾಡ್ಸೂದಿಲ್ಲ." ಇಷ್ಟು ಹೇಳಿ ಹಗ್ಗ ತರಲು ಮನೆಗೆ ಹೋದ.

ಗುರುಪ್ರಸಾದ ಕಾಯಿ ಒಡೆದ. ಕೈ ಮುಗಿದ. ಕೈ ಮುಗಿದದ್ದೇ ತಡ, ಬಾಯಿ ತನ್ನಷ್ಟಕ್ಕೆ ಶುರುವಾಯಿತು: "ತಾವು ಸಹಕುಟುಂಬ ಸಪರಿವಾರ ಸಮೇತರಾಗಿ ಬಂದು ಕಾರ್ಯಕ್ರಮ ಚಂದಗಾಣಿಸಿ ಕೊಡಬೇಕು. ಮುಂದಿನ ಸಾಲಲ್ಲೇ ಕುರ್ಚಿ ಇಡಿಸ್ತೇನೆ."

ಹಗ್ಗದೊಂದಿಗೆ ಬಂದ ಜಟ್ಟಪ್ಪ ನಿಂತಲ್ಲೇ ನಿಂತ. "ಎಂತ ಮಾಡಿದ್ರಿ ಸರಾ! 'ಕಲ್ಲು ಮಾತ್ರ ಒಯ್ತೆ, ನೀ ಇಲ್ಲೇ ಗದ್ದೆ ಕಾಯ್ತಾ ಇರು' ಹೇಳೂದಲ್ದಾ? ನೀವು ಕರ್ದೇ ಬಿಟ್ರಲ್ಲ!"

"ಬರ್ಲಿ ಬಿಡೋ ಜಟ್ಟಪ್ಪಾ. ಬದುಕಿದವರು ಯಾರೂ ಬರೂದಿಲ್ಲ. ಇವ್ರಾದ್ರೂ ಬಂದ್ರೆ ಕುರ್ಚಿ ತುಂಬ್ತದೆ."

ಜಟ್ಟಪ್ಪ ನಗಲಿಲ್ಲ. ಗಾಳಿಯಿಲ್ಲದಿದ್ದರೂ ಬದುವಿನ ಹುಲ್ಲು ಒಂದೇ ಬದಿಗೆ ಬಾಗಿತು, ಟೆಂಪೋ ಇದ್ದ ಬದಿಗೆ.

ಹೋಗುವಾಗ ಹಾರಿಕೊಂಡು ಹೋದ ಟೆಂಪೋ ಬರುವಾಗ ಏದುಸಿರು ಬಿಟ್ಟಿತು. "ಹಿಂದೆ ಕಲ್ಲೊಂದೇ ಅಲ್ದಾ ಸರಾ?" ಎಂದ ಡ್ರೈವರು. "ಮದುವೆ ದಿಬ್ಬಣ ಹತ್ತಿಸ್ದಾಂಗೆ ಎಳೀತದಲ್ಲ!" ಶೆಟಗೇರಿಯ ಹತ್ತಿರ ದಾರಿಬದಿಯ ಮುದುಕಿಯೊಬ್ಬಳು ಟೆಂಪೋ ಕಂಡದ್ದೇ ಎದ್ದು ನಿಂತು, ಹಿಂಭಾಗಕ್ಕೆ ಕೈ ಮುಗಿದು, ಸೆರಗಿನಿಂದ ಮುಖ ಮುಚ್ಚಿಕೊಂಡಳು. ಗುರುಪ್ರಸಾದ ಅಭ್ಯಾಸದಂತೆ ಅವಳಿಗೂ ಕೈ ಮುಗಿದು ಕರೆ ಕೊಟ್ಟ.

ಮಧ್ಯಾಹ್ನ ಕಲ್ಲನ್ನು ವೇದಿಕೆಯ ಪಕ್ಕ ನಿಲ್ಲಿಸಿದರು. ಕುರ್ಚಿಗಳು ಖಾಲಿ. ಜೊತೆಗೆ ಕೆಲಸ ಮಾಡುವ ಸತೀಶ ಹಿಂದಿನ ಕಟ್ಟೆ ಹತ್ತಿ, ಮೊಬೈಲಿಗೆ ರೇಂಜು ಹಿಡಿದು ಬಂದ. ಕೆಟ್ಟ ಸುದ್ದಿ ಹೇಳುವಾಗ ಅವನ ಮುಖ ಹಬ್ಬದ ದಿನದಂತೆ ಬೆಳಗುತ್ತದೆ.

"ಗುರು, ಕಾಲೇಜಿನವ್ರು ಬರೂದಿಲ್ಲಂತೆ, ಟೀವೀಲಿ ಕ್ರಿಕೆಟ್ ಅದ್ಯಂತೆ. ಸಾಹೇಬ್ರು ಅರಬೈಲು ಘಟ್ಟ ಇಳೀತಾ ಇದ್ರಂತೆ. ಬೀದರದಲ್ಲಿ ಚಳಿ ಜೋರಂತೆ, ಸ್ವೆಟರ್ ತಕಂಡಿದ್ಯಾ?"

ಗುರುಪ್ರಸಾದ ಬೀದಿಗೆ ಓಡಿದ. ಗೇಟಿನ ಬಳಿ ಮೀನು ಮಾರುವ ಹೊನ್ನುವಿನ ಕಾಲು ಹಿಡಿಯುವುದೊಂದು ಬಾಕಿ. "ಒಂದ್ ಗಳಿಗೆ ಕೂತು ಹೋಗು ಹೊನ್ನಕ್ಕಾ." ಅವಳು ಬುಟ್ಟಿ ಸಮೇತ ಒಳಗೆ ಬಂದಳು. ಅವನು ಮತ್ತೆ ರಿಕ್ಷಾಸ್ಟ್ಯಾಂಡಿಗೆ ಓಡಿ, ಬೈಸಿಕೊಂಡು, ತಿರುಗಿ ಬರುತ್ತಾನೆ: ಸಭಾಗೃಹ ತುಂಬಿದೆ!

ಸಾಲು ಸಾಲು ಜನ. ಬರಿಮೈಯ ಗಂಡಸರು, ತುರುಬು ಕಟ್ಟಿದವರು, ಈಟಿ ಹಿಡಿದವರು. ತಲೆಗೆ ಹೂ ಮುಡಿದ ಹೆಂಗಸರು. ಮುಂದಿನ ಸಾಲಿನ ನಡುವೆ ಕತ್ತಿಯನ್ನು ತೊಡೆಯ ಮೇಲಿಟ್ಟುಕೊಂಡ ಹಿರಿಯನೊಬ್ಬ. ಎಲ್ಲರ ಮೈಯೂ ಮಳೆಯಲ್ಲಿ ನೆಂದ ಕಲ್ಲಿನ ಬಣ್ಣ. ಕುರ್ಚಿ ಕಿರುಗುಡಲಿಲ್ಲ, ಯಾರೂ ಕೆಮ್ಮಲಿಲ್ಲ. ಬಾವಿಯೊಳಗೆ ಬಗ್ಗಿದರೆ ಬರುತ್ತದಲ್ಲ, ಅಂಥ ತಂಪು ಗಾಳಿ.

"ಭಾರೀ ಉಪಾಯ ಮಾಡ್ದೆ ಮಾರಾಯಾ," ಗುರುಪ್ರಸಾದ ಸತೀಶನ ಕೈ ಹಿಡಿದ. "ಯಾವ ನಾಟಕ ಕಂಪನಿಯವ್ರು?"

"ನಾನಾ? ನೀನೇ ಕರ್ದದ್ದಲ್ದಾ?" ಎಂದ ಸತೀಶ.

ಬಾಗಿಲಲ್ಲಿ ಪನ್ನೀರು ಚಿಮುಕಿಸುತ್ತಿದ್ದ ಲಲಿತಾಬಾಯಿ, ಟಿಕೆಟು ಕೊಡುವವಳು, ಪನ್ನೀರುದಾನಿ ಎದೆಗವಚಿಕೊಂಡು ಬಂದಳು. "ಅಗೆ ಬಾಯಿ! ಇವ್ರು ಬಾಗಿಲಿಂದ ಬಂದದ್ದೇ ನಾ ಕಾಣ್ಲಿಲ್ಲ. ಕೂತಲ್ಲೇ ಹೋಗಿ ಪನ್ನೀರು ಹಾಕ್ದೆ. ಮೈ ಮೇಲೆ ನಿಲ್ಲೂದಿಲ್ಲ, ಸೀದಾ ಕುರ್ಚಿಗೆ ಬೀಳ್ತದೆ."

"ಬಣ್ಣ ಹಚ್ಚಿರ್ತಾರೆ ಬಾಯಿ, ಎಣ್ಣೆ ಬಣ್ಣ," ಎಂದ ಗುರುಪ್ರಸಾದ. ಕುರ್ಚಿ ತುಂಬಿದವನಿಗೆ ಬುದ್ಧಿ ಎಲ್ಲಿಂದ?

ಹೊನ್ನು ಪಕ್ಕದ ಹೆಂಗಸನ್ನು ಮಾತಿಗೆಳೆದಿದ್ದಳು.

"ಎಲ್ಲಾಯ್ತ್ ಬಾಯಿ ನಿಮ್ಮದು?"

"ಹಿಲ್ಲೂರ ಬದಿ."

"ಬಸ್ಸಿಗೆ ಬಂದ್ರಾ?"

"ಕಲ್ಲಿನ ಸಂಗ್ತಿ ಬಂದದ್ದು."

"ಮಕ್ಳೆಷ್ಟು?"

"ಆಗ ಇದ್ದಿದ್ರು."

"ಆಗ ಅಂದ್ರೆ?"

ಆ ಹೆಂಗಸು ಬಗ್ಗಿ ಬುಟ್ಟಿಯೊಳಗೆ ನೋಡಿದಳು. "ಪಾಪ, ಈ ಮೀನಿಗೂ ಕಣ್ಣು ಮುಚ್ಚೂಕೆ ಬರೂದಿಲ್ಲ ಅಲ್ದಾ?" ಎಂದಳು.

ಹೊನ್ನು ಆಗ ಸಾಲಿಡೀ ನೋಡಿದಳು. ಒಬ್ಬರೂ ರೆಪ್ಪೆ ಬಡಿಯುತ್ತಿರಲಿಲ್ಲ. ಅವಳು ಬುಟ್ಟಿ ಅಲ್ಲೇ ಬಿಟ್ಟು ಓಡಿದವಳು ಕೋಡಿಬಾಗ ಮುಟ್ಟಿದ ಮೇಲೇ ನಿಂತಳಂತೆ. ಮೀನುಗಾರ್ತಿ ಬುಟ್ಟಿ ಬಿಟ್ಟು ಓಡಿದ್ದು ಕಾರವಾರದಲ್ಲಿ ಅದೇ ಮೊದಲು.

ಗುರುಪ್ರಸಾದ ಮೆಲ್ಲಗೆ ಹಿಲ್ಲೂರಿನ ಕಲ್ಲಿನ ಕಡೆ ನೋಡಿದ. ಕಲ್ಲು ನುಣ್ಣಗಿತ್ತು. ಕಾಳಗವಿಲ್ಲ, ಮಂದಿಯಿಲ್ಲ, ಮೇಲಕ್ಕೊಯ್ಯುವ ಹೆಂಗಸರಿಲ್ಲ. ತುದಿಯ ಲಿಂಗವೊಂದು ಬಿಟ್ಟರೆ ಉಳಿದದ್ದೆಲ್ಲ ತೊಳೆದಿಟ್ಟ ದೋಸೆ ಕಾವಲಿ.

ಸಹಕುಟುಂಬ. ಸಪರಿವಾರ. ಸಮೇತರಾಗಿ.

ಅವನು ಆ ಮೂರು ಪದ ಬೆರಳು ಮಡಚಿ ಎಣಿಸುತ್ತಿರುವಾಗಲೇ ಹೊರಗೆ ಜೀಪು ನಿಂತಿತು. ಸಾಹೇಬರು ಒಳಗೆ ಕಾಲಿಟ್ಟರು, ಸಭೆ ಕಂಡರು, ಮುಖ ಹೋಳಿಗೆಯಂತೆ ಅರಳಿತು.

"ಏನ್ರೀ ಗುರುಪ್ರಸಾದ! ವೇಷ ಹಾಕಿದ ಮಂದೀನ ಸಭಾದಾಗ ಕುಂದರಸೀರಿ! ಏನ್ ತಲಿ ರೀ ನಿಮ್ಮದು!"

ಸಾಹೇಬರು ಮೈಕು ಹಿಡಿದರೆ ಧಾರವಾಡದಲ್ಲಿ ಜನ ನೀರು ಕುಡಿಯಲು ಎದ್ದು ಹೋದವರು ಮರಳುವುದಿಲ್ಲ. ಇಲ್ಲಿ ಯಾರೂ ಅಲ್ಲಾಡಲಿಲ್ಲ. ಕದಂಬರಿಂದ ಶುರುಮಾಡಿ ಅವರು ವಿಜಯನಗರಕ್ಕೆ ಬರುವಷ್ಟರಲ್ಲಿ ಹೊರಗೆ ಮಬ್ಬಾಯಿತು. ಒಮ್ಮೆ ಮಾತ್ರ, "ಇಂಥಾ ಬೀರರು ದುಡ್ಡಿನ ಆಶಾಕ್ಕ ಕಾದಾಡ್ತಿದ್ರು" ಎಂದಾಗ, ಅಷ್ಟೂ ತಲೆಗಳು ಒಟ್ಟಿಗೆ ಹಿರಿಯನ ಕಡೆ ತಿರುಗಿದವು. ಅವನು ಬೇಡವೆಂಬಂತೆ ಕೈಯೆತ್ತಿದ. ತಲೆಗಳು ಮುಂದಕ್ಕೆ ತಿರುಗಿದವು. ಸಾಹೇಬರು ಅದನ್ನು ಮೆಚ್ಚುಗೆಯೆಂದು ತಿಳಿದು ನಕ್ಕರು.

"ಈಗ ಆ ಹಿಲ್ಲೂರ ಕಲ್ಲು ನೋಡೂಣು," ಎಂದು ಕೆಳಗಿಳಿದರು.

ಗುರುಪ್ರಸಾದ ಸನ್ಮಾನದ ಶಾಲು ತೆಗೆದು ಕಲ್ಲಿಗೆ ಹೊದೆಸಿ ಅಡ್ಡ ನಿಂತ. "ಚಾ ಕುಡೀರಿ ಸರ. ಗೋಳಿಬಜೆ ಅದೆ, ಬಿಸಿ ಅದೆ." ಸತೀಶ ಅಡ್ಡ ಬಾಯಿ ಹಾಕಿದ: "ಶಾಲು ನಾ ತೆಗೀತೆ ಸರ, ಅಂವ ಹಾಗೇ, ನಾಚ್ಕೆ ಜಾಸ್ತಿ." ಒಬ್ಬ ಎಳೆಯುತ್ತಾನೆ, ಇನ್ನೊಬ್ಬ ಹಿಡಿಯುತ್ತಾನೆ. ಅಷ್ಟರಲ್ಲಿ ಕರೆಂಟು ಹೋಯಿತು.

ನಮ್ಮಲ್ಲಿ ಕರೆಂಟು ಹೋದರೆ ಸಭೆಗೆ ಸಭೆಯೇ "ಹೋ" ಎನ್ನುತ್ತದೆ. ಇಲ್ಲಿ ಉಸಿರಿಲ್ಲ. ಬರಿಗಾಲಿನ ಸಪ್ಪಳ ಮಾತ್ರ ಎದ್ದು, ಗುರುಪ್ರಸಾದನ ಕಡೆಗೇ ಬಂತು. ಮದುವೆಮನೆಯ ಬಾಗಿಲಲ್ಲಿ ಯಜಮಾನನಿಗೆ ಹೇಳಿ ಹೋಗುವಂತೆ ಒಬ್ಬೊಬ್ಬರೂ ಅವನ ಮುಂದೆ ನಿಂತು ದಾಟಿದರು. ಮುಗಿದ ಕೈಗಳು ಅವನ ಕೈಗೆ ತಾಗಿದವು, ಹೊಳೆಯ ತಳದ ಕಲ್ಲಿನಷ್ಟು ತಣ್ಣಗೆ. ಪ್ರಾಣ ಹೋಗುವ ಹೆದರಿಕೆ. ಆದರೆ ಅವನ ಬಾಯಿ ಕೇಳಬೇಕಲ್ಲ. "ಬಂದ್ರಲ್ಲ, ಸಂತೋಷ. ಆಸ್ರಿಗೆ ಚಾ ಕುಡದ್ರಾ? ಬಂದ್ರಲ್ಲ, ಸಂತೋಷ. ಆಸ್ರಿಗೆ ಕುಡದ್ರಾ?"

ಕೊನೆಗೆ ಹಿರಿಯ ನಿಂತ. ಬಾವಿಯ ಒಳಗಿಂದ ಬಂದಂಥ ದನಿ: "ಚಲೋ ನಡೀತು ನಿಮ್ಮ ಕಾರ್ಯ. ನಮ್ಮಲ್ಲೂ ಒಂದು ಸಣ್ಣ ಕಾರ್ಯ ಅದೆ, ಬರೂ ಅಮಾಸೆಗೆ. ನೀವು ಬರೂಕೇ ಬೇಕು. ನೀವಿಲ್ದೆ ನಡೆಯೂದಿಲ್ಲ." ಅಂಗೈಯಲ್ಲಿ ಒದ್ದೆ ವೀಳ್ಯದೆಲೆ, ಅದರ ಮೇಲೊಂದು ಅಡಿಕೆ ಬಂದು ಕೂತಿತು.

"ಹೇಳೂದು ಬೇಕಾ! ಖಂಡಿತ ಬತ್ತೆ. ಮನೇದೇ ಕಾರ್ಯ ಅಂದ್ಕಣಿ," ಎಂದಿತು ಗುರುಪ್ರಸಾದನ ಬಾಯಿ.

ಕರೆಂಟು ಬಂತು. ಕುರ್ಚಿಗಳು ಖಾಲಿ. ಶಾಲು ಸತೀಶನ ಕೈಯಲ್ಲಿತ್ತು, ಕಲ್ಲಿನ ತುಂಬ ಚಿತ್ರವಿತ್ತು. "ಭೇಷ್, ಹೋದದ್ದೂ ನಾಟಕದಾಂಗ ಹೋದ್ರಲ್ಲ," ಎನ್ನುತ್ತ ಸಾಹೇಬರು ಭೂತಗನ್ನಡಿ ಹಿಡಿದು ಬಗ್ಗಿದರು.

"ಅಪರೂಪದ ಕಲ್ಲು ರೀ! ಬೀರ ಕತ್ತಿ ಎತ್ಯಾನ. ಸುತ್ತ ಮಂದಿ ನಿಂತು ನೋಡಾಕ ಹತ್ಯಾರ. ಆದ್ರ ಕತ್ತಿ ಕೆಳಗ ಇರಬೇಕಾದ ಮನಷ್ಯಾನ ಇಲ್ಲ. ಅವನ ಆಕಾರದ ಜಾಗಾ ಅಷ್ಟ ಬಿಟ್ಟಾರ. ಸಪೂರ ಮೈ, ಕೈ ಮುಗದಾನ... ಇದೇನಿದು, ಮಾರಿ ಮ್ಯಾಲ ಎರಡು ದುಂಡನ ಗೀರು? ಆ ಕಾಲದಾಗ ಚಷ್ಮಾ ಇತ್ತೇನ್ರೀ?"

ಬಸ್ಸಿನ ಸೀಟಿಗೆ ಟವೆಲು ಹಾಕಿದಂತೆ ಜಾಗ ಹಿಡಿದಿಟ್ಟಿದ್ದರು. ಗುರುಪ್ರಸಾದ ಮೆಲ್ಲಗೆ ಚಷ್ಮಾ ತೆಗೆದು ಕಿಸೆಗೆ ಹಾಕಿಕೊಂಡ. ಆಮೇಲೆ ಸಾಹೇಬರ ಕಾಲಿಗೇ ಬಿದ್ದ.

"ಸರ, ನನ್ನ ಬೀದರಕ್ಕೆ ಹಾಕಿ ಸರ! ಇವತ್ತೇ ಹಾಕಿ!"

"ಹುಚ್ಚಪ್ಪ! ಇಂಥಾ ಸಭಾ ಕೂಡಿಸೋ ಮನಷ್ಯಾನ್ನ ಬಿಡ್ತೇನೇನು? ಮ್ಯೂಸಿಯಂ ಉಳೀತು. ರಿಟೈರ್ ಆಗೂತನಕ ನೀವು ಇಲ್ಲೇ. ಈ ಕಲ್ಲಿನ ಪಕ್ಕಾನ ನಿಮ್ಮ ಟೇಬಲ್ ಹಾಕಸ್ತೇನಿ."

ರಾತ್ರಿ ಮಂದಾಕಿನಿ ಎಲ್ಲ ಕೇಳಿದಳು. ಅವಳಿಗೆ ಒಂದೇ ಸಂಶಯ. "ಕರೆ ನಿಮ್ಗೊಬ್ರಿಗೋ, ಸಹಕುಟುಂಬವೋ?"

ಮರುದಿನ ಹಿಲ್ಲೂರಿಗೆ ಓಡಿದರೆ ಜಟ್ಟಪ್ಪ ತಲೆ ಅಲ್ಲಾಡಿಸಿದ. "ಅವ್ರು ನಿಮ್ಮ ಕಾರ್ಯಕ್ಕೆ ಬಂದಾಯ್ತು, ನೀವು ವೀಳ್ಯ ತಕಂಡಾಯ್ತು. ಹೋಗೂಕೇ ಬೇಕು ಸರಾ, ರಜಾ ಹಾಕಿ ಕೂತ್ರೂ ಬಿಡೂದಿಲ್ಲ. ನಿಮ್ಗೆ ಆಗ್ದಿದ್ರೆ ಬದ್ಲಿಗೆ ಒಬ್ರನ್ನ ಕಳ್ಸೂಕಾಗ್ತದೆ. ಆದ್ರೆ ಅಂವ ತಾನಾಗಿ ಕೈ ಚಾಚಿ ಆ ವೀಳ್ಯ ತಕಣ್ಬೇಕು."

ಅಂದಿನಿಂದ ಗುರುಪ್ರಸಾದ ಕೈ ಮುಗಿದರೆ ಕಾರವಾರದ ಜನ ಕೈ ಹಿಂದಕ್ಕೆ ಕಟ್ಟಿಕೊಂಡು ಮಾತಾಡುತ್ತಾರೆ. ಹೊನ್ನು ಊರೆಲ್ಲ ಸಾರಿದ್ದಾಳೆ, ಸತೀಶ ಉಳಿದದ್ದನ್ನು ಸೇರಿಸಿದ್ದಾನೆ. ಎಲೆ ಇನ್ನೂ ಬಾಡಿಲ್ಲ, ಒರೆಸಿದಷ್ಟೂ ಒದ್ದೆ. ಭಾವನ ಸಂಕಟ ನೋಡಲಾರದೆ, ಸುದ್ದಿ ಇನ್ನೂ ಮುಟ್ಟದ ಈ ಅಂಕೋಲೆಗೆ ಆ ವೀಳ್ಯವನ್ನು ಕೈ ತಾಗಿಸದೆ ಪೊಟ್ಟಣ ಕಟ್ಟಿ ನಾನೇ ತಂದೆ. ಅಮಾವಾಸ್ಯೆ ನಾಡಿದ್ದು. ನಿಮಗೂ ಚಷ್ಮಾ ಇದೆ, ಮೈ ಸಪೂರ, ಎಲೆ ಅಡಿಕೆ ಅಭ್ಯಾಸ ಇದೆಯೆಂದು ನೀವೇ ತಲೆಯಾಡಿಸಿದಿರಿ. ದೂರವೇನಲ್ಲ, ಇಲ್ಲೇ ಹಿಲ್ಲೂರು. ಕೈ ಸ್ವಲ್ಪ ಮುಂದೆ ಮಾಡಿ ನೋಡುವಾ. ಅಲ್ಲ ಮಾರಾಯ್ರೇ, ಎಲ್ಲಿಗೆ ಹೊರಟಿರಿ? ಅದು ಯಲ್ಲಾಪುರ ಬಸ್ಸು, ನಿಮ್ಮದಲ್ಲ! ಚೀಲ ಇಲ್ಲೇ ಉಳಿಯಿತು! ಹೋಗಲಿ, ಕರೆಯನ್ನಾದರೂ ಪೂರ್ತಿ ಕೇಳಿಕೊಂಡು ಹೋಗಿ: ತಾವು ಸಹಕುಟುಂಬ ಸಪರಿವಾರ