ಶಂಕರನಾರಾಯಣರ ವಿಮಾನಕ್ಕೆ ಇನ್ನೊಂದು ಬೋಲ್ಟ್

"ಈ ವಿಮಾನ ಹಾರದೇ ಇದ್ರೆ ನನ್ನ ಹೆಸರು ಶಂಕರನಾರಾಯಣನೇ ಅಲ್ಲ!"

ಹೀಗೆಂದು ಊಟದ ಮೇಜು ಕುಟ್ಟಿ ಘೋಷಿಸಿದವರು ಸಾಕ್ಷಾತ್ ಶಂಕರನಾರಾಯಣರೇ. ಭದ್ರಾವತಿಯ ಕಾರ್ಖಾನೆಗೆ ಫಿಟ್ಟರ್ ಆಗಿ ಸೇರಿ ಫೋರ್‌ಮನ್ ಆದವರು. ದಿನಾ ಬೆಳಿಗ್ಗೆ ಶಿವಮೊಗ್ಗದಲ್ಲಿ ಬಸ್ಸು ಹತ್ತಿ ಹೋಗಿ, ಆನೆಗಾತ್ರದ ಯಂತ್ರಗಳನ್ನು ಪಳಗಿಸಿ, ಸಂಜೆ ಮನೆಗೆ ಬಂದು ಕಾಫಿ ಕುಡಿಯುವವರು. ಅವರ ವೃತ್ತಿಧರ್ಮ ಒಂದೇ: ಅನುಮಾನ ಬಂದರೆ ಇನ್ನೊಂದು ಬೋಲ್ಟ್ ಹಾಕು. ಕಾರ್ಖಾನೆಯಲ್ಲಿ ಈ ಧರ್ಮ ಅವರನ್ನು ಕಾಪಾಡಿತ್ತು. ಮನೆಯಲ್ಲಿ ಮಾತ್ರ, ಅವರು ರಿಪೇರಿ ಮಾಡಿದ ಕುರ್ಚಿಯನ್ನು ಸರಿಸಿ ಕಸ ಗುಡಿಸಲು ಇಬ್ಬರು ಬೇಕಾಗುತ್ತಿತ್ತು.

ಜಗಳ ಹುಟ್ಟಿದ್ದು ಮಿಕ್ಸಿಯಿಂದ. ತೊಂಬತ್ತೆಂಟರ ಬೇಸಿಗೆಯಲ್ಲಿ ಒಂದು ಬೆಳಿಗ್ಗೆ ಅದು ಚಟ್ನಿಯ ನಡುವೆಯೇ ನಿಂತುಬಿಟ್ಟಿತು. ಶಂಕರನಾರಾಯಣರು ಸ್ಕ್ರೂಡ್ರೈವರ್ ಹಿಡಿದು ಬಂದರು. ಹಳದಿ ಹಿಡಿಯ ಸ್ಕ್ರೂಡ್ರೈವರ್ ಅದು, ಕೆಲಸಕ್ಕೆ ಸೇರಿದ ವರ್ಷ ಕೊಂಡದ್ದು. ಜನಿವಾರ ಬಿಟ್ಟರೆ ಅವರ ಮೈಮೇಲೆ ಸದಾ ಇರುತ್ತಿದ್ದದ್ದು ಅದೊಂದೇ. ಹೆಂಡತಿ ವಿಮಲಾ ಮಿಕ್ಸಿಯನ್ನು ಕೂಸಿನಂತೆ ಎತ್ತಿ ಎದೆಗವಚಿಕೊಂಡರು.

"ಬೇಡ್ರೀ, ನಿಮ್ಮ ದಮ್ಮಯ್ಯ. ಅಂಗಡಿಗೆ ಕೊಡ್ತೀನಿ. ನೀವು ಮುಟ್ಟಿದ್ರೆ ಆಮೇಲೆ ಇದನ್ನ ಎತ್ತಕ್ಕೆ ಕ್ರೇನ್ ಬೇಕಾಗತ್ತೆ."

"ಅಂದ್ರೆ? ನಂಗೆ ನಾಜೂಕು ಕೆಲಸ ಬರಲ್ಲ ಅಂತೀಯಾ?"

"ನಾನೆಲ್ಲಿ ಅಂದೆ? ಆ ಕುರ್ಚಿ ಅಂತಾ ಇದೆ."

ಮಾತು ನಾಟಿತು. ಮುಂದಿನ ವಾರ ಕಾರ್ಖಾನೆ ಕೆಲಸಕ್ಕೆ ಬೆಂಗಳೂರಿಗೆ ಹೋದವರು ಒಂದು ಡಬ್ಬಿ ತಂದರು. ಒಳಗೆ ಹಪ್ಪಳಕ್ಕಿಂತ ಹಗುರಾದ ಬಾಲ್ಸಾ ಮರದ ಕಡ್ಡಿಗಳು, ಒಂದು ನಕ್ಷೆ, ಮೂತಿಗೊಂದು ಪಂಖ, ಅದನ್ನು ತಿರುಗಿಸಲು ರಬ್ಬರು. ಜೋಡಿಸಿದರೆ ವಿಮಾನ!

"ಇದು ಹಾರಿದ್ರೆ ಮಿಕ್ಸಿ ನಾನೇ ಬಿಚ್ತೀನಿ. ಹಾರದೇ ಇದ್ರೆ ಈ ಸ್ಕ್ರೂಡ್ರೈವರ್ ನಿಂಗೆ. ಈ ಮನೇಲಿ ಇನ್ನು ಒಂದು ಮೊಳೆಯನ್ನೂ ಮುಟ್ಟಲ್ಲ!" ಎಂದರು. ಗಂಡಸಿನ ಮಾತು, ಬಿಟ್ಟ ಬಾಣ.

ನಕ್ಷೆಯನ್ನು ಮೇಜಿನ ಮೇಲೆ ಹಾಸಿ, ಅದರ ಗೆರೆಗಳ ಮೇಲೇ ಕಡ್ಡಿ ಇಟ್ಟು ಅಂಟಿಸಿದರು. ನಡುವೆ ಒಂದು ಪ್ಲಾಸ್ಟಿಕ್ ಹಾಳೆ ಹಾಸಬೇಕೆಂದು ಡಬ್ಬಿಯ ಮೇಲೆ ಬರೆದಿತ್ತು. ಫೋರ್‌ಮನ್ ಆದವರು ಡಬ್ಬಿ ಓದುತ್ತಾರೆಯೇ? ಅಂಟು ಒಣಗಿದ ಮೇಲೆ ರೆಕ್ಕೆ ನಕ್ಷೆಯನ್ನು ಬಿಡಲಿಲ್ಲ, ನಕ್ಷೆ ಮೇಜನ್ನು ಬಿಡಲಿಲ್ಲ. ಎಳೆದರು. ಲಟಕ್ ಎಂದಿತು. ಮುರಿದಲ್ಲೆಲ್ಲ ಅರಾಲ್ಡೈಟ್ ಮೆತ್ತಿ, ಮೇಲೊಂದು ಕಡ್ಡಿ ಕಟ್ಟಿ, ಕಟ್ಟಿದ ಕಡ್ಡಿ ಬಿಡದಿರಲೆಂದು ತಂತಿ ಸುತ್ತಿದರು.

ಎರಡನೆಯ ರೆಕ್ಕೆಯನ್ನು ಜಾಗ್ರತೆಯಿಂದ ಮಾಡಿದರು. ಎರಡನ್ನೂ ಅಕ್ಕಪಕ್ಕ ಇಟ್ಟಾಗ ವಿಮಲಾ ಸೊಪ್ಪು ಬಿಡಿಸುತ್ತಲೇ ಕೇಳಿದರು, "ಅಲ್ರೀ, ಎರಡೂ ಎಡಗಾಲಿನ ಚಪ್ಪಲಿ ಥರ ಇದೆಯಲ್ಲ?"

ಹೌದು, ಎರಡೂ ಎಡಗಡೆಯ ರೆಕ್ಕೆಗಳೇ! ಒಂದನ್ನು ಮಗುಚಿ ನೋಡಿದರೆ ಅದರ ಬೆನ್ನು ಕೆಳಗೆ, ಹೊಟ್ಟೆ ಮೇಲೆ. ಹೊಸದಾಗಿ ಮಾಡಬಹುದಿತ್ತು. ಅವರು ಅದನ್ನೇ ತುಂಡು ಮಾಡಿ, ತಿರುಗಿಸಿ ಜೋಡಿಸಿ, ಕೀಲುಗಳಿಗೆ ಹ್ಯಾಕ್ಸಾ ಬ್ಲೇಡಿನ ಚೂರುಗಳನ್ನು ಪಟ್ಟಿ ಹೊಡೆದರು. ಹೊದಿಸಲು ಕೊಟ್ಟಿದ್ದ ಈರುಳ್ಳಿ ಸಿಪ್ಪೆಯಂಥ ಕಾಗದ ಕೈ ತಾಗಿದೊಡನೆ ಹರಿಯಿತು. ಹೋದ ವರ್ಷದ ಕ್ಯಾಲೆಂಡರು ಕೆಲಸಕ್ಕೆ ಬಂತು. ಒಂದು ರೆಕ್ಕೆ ಮಾರ್ಚ್, ಇನ್ನೊಂದು ಏಪ್ರಿಲ್!

"ಒಳ್ಳೇದಾಯ್ತು ಬಿಡಿ, ಹಾರಿಸೋ ಮುಹೂರ್ತನೂ ಅದರ ಮೇಲೇ ಇದೆ" ಎಂದರು ವಿಮಲಾ.

ಕೊನೆಗೆ ತೂಕದ ಪ್ರಶ್ನೆ. ರೆಕ್ಕೆಗಳ ಕೆಳಗೆ ಬೆರಳಿಟ್ಟು ಎತ್ತಿದರೆ ಬಾಲ ಜೋತುಬಿತ್ತು. ಮೂತಿಗೊಂದು ನಟ್ಟು ಹಾಕಿದರು. ಈಗ ಮೂತಿ ಜೋತುಬಿತ್ತು. ಬಾಲಕ್ಕೊಂದು ಬೋಲ್ಟು ಹಾಕಿದರು. ಮತ್ತೆ ಮೂತಿಗೊಂದು ವಾಷರು.

"ಉಪ್ಪು ಜಾಸ್ತಿ ಆಯ್ತು ಅಂತ ಹುಳಿ, ಹುಳಿ ಜಾಸ್ತಿ ಆಯ್ತು ಅಂತ ಬೆಲ್ಲ! ಬಾಲದಿಂದ ಒಂಚೂರು ತೆಗೀಬಾರ್ದೇನ್ರೀ?"

"ತೆಗೆಯೋದಾ? ಹಾಕಿದ್ದನ್ನ ತೆಗೆದ್ರೆ ತಪ್ಪು ಒಪ್ಕೊಂಡ ಹಾಗಲ್ವೇನೇ ಮಾರಾಯ್ತಿ!"

ಅಂತೂ ವಿಮಾನ ತಕ್ಕಡಿಯಂತೆ ಸಮನಾಗಿ ನಿಂತಿತು. ಕೈಗೆ ಮಾತ್ರ ಸುಲಿದ ತೆಂಗಿನಕಾಯಿಯ ತೂಕ ಬಂತು. ರಬ್ಬರು ಸುತ್ತಿ ನಡುಮನೆಯಲ್ಲಿ ಬಿಟ್ಟರು. ಪಂಖ ಗಿರ್ರೆಂದು ತಿರುಗಿತು, ವಿಮಾನ ಕದಲಲಿಲ್ಲ. ವಿಮಲಾ ಅದರ ಮುಂದೆ ಕೂತು, "ಈ ಸೆಖೆಗೆ ಹಾಯಾಗಿದೆ ಕಣ್ರೀ" ಎಂದರು.

"ಒಳಗೆ ಗಾಳಿ ಇಲ್ಲ. ಭಾನುವಾರ ತಾರಸಿ ಮೇಲೆ ನೋಡು!"

ಭಾನುವಾರ ತಾರಸಿಯಲ್ಲಿ ವಿಮಲಾ ಹಳೇ ವಾಯಲ್ ಸೀರೆ ಹಾಸಿ ಸಂಡಿಗೆ ಒಣಹಾಕಿದ್ದರು. ಶಂಕರನಾರಾಯಣರು ದೇವರನ್ನು ನೆನೆದು ವಿಮಾನವನ್ನು ಎಸೆದರು. ಅದು ಅವರ ಕಾಲ ಬುಡದಲ್ಲೇ ದಬ್ಬೆಂದು ಕೂತಿತು. ಪಕ್ಕದ ಮನೆಯ ದಾಕ್ಷಾಯಣಮ್ಮ ಕೆಳಗಿನಿಂದ ಕೂಗಿದರು, "ವಿಮಲಾ, ನಿಮ್ಮನೆ ಮೇಲೆ ತೆಂಗಿನಕಾಯಿ ಬಿತ್ತೇನೇ?"

"ಗಾಳಿ ಏಳ್ಲಿ, ಆಮೇಲೆ ತೋರಿಸ್ತೀನಿ" ಎಂದು ಗೊಣಗಿ ಅವರು ಕಾಫಿಗೆಂದು ಕೆಳಗಿಳಿದರು.

ಗಾಳಿ ಎದ್ದೇ ಎದ್ದಿತು. ಮೋಡ ಕಟ್ಟಿ, ಧೂಳು ಹಾರಿ, ಸೀರೆ ಪಟಪಟ ಬಡಿಯತೊಡಗಿತು. ವಿಮಲಾ ಮೂರು ಮೂಲೆಗೆ ಮೂರು ಕಲ್ಲು ಹೇರಿದರು. ನಾಲ್ಕನೆಯ ಮೂಲೆಗೆ ಕಲ್ಲಿಲ್ಲ. ತಾರಸಿಯಲ್ಲಿ ಭಾರವಾದ ವಸ್ತು ಇನ್ನೊಂದೇ ಇತ್ತು. ಹಾಸಿದ ಸೀರೆಯ ಸೆರಗಿನ ತುದಿಯನ್ನು ವಿಮಾನದ ಬಾಲಕ್ಕೆ ಬಿಗಿಯಾಗಿ ಗಂಟು ಹಾಕಿದರು.

ಶಂಕರನಾರಾಯಣರು ಲೋಟ ಹಿಡಿದು ಮೆಟ್ಟಿಲ ತುದಿಗೆ ಬರುವುದಕ್ಕೂ ಗಾಳಿ ಒಮ್ಮೆ ಭರ್ರೆಂದು ಬೀಸುವುದಕ್ಕೂ ಸರಿಹೋಯಿತು. ಕಲ್ಲುಗಳು ಉರುಳಿದವು. ಸೀರೆ ಉಬ್ಬಿ ಮೇಲೆದ್ದಿತು. ಹಿಂದೆಯೇ ಮಾರ್ಚ್, ಏಪ್ರಿಲ್, ನಟ್ಟು, ಬೋಲ್ಟು ಸಮೇತ ವಿಮಾನವೂ ಮೇಲೆದ್ದು, ತಾರಸಿಯ ಗೋಡೆ ದಾಟಿ, ದಾಕ್ಷಾಯಣಮ್ಮನವರ ಅಂಗಳಕ್ಕೆ ಸಂಡಿಗೆಯ ಮಳೆ ಸುರಿಸಿ, ಅವರ ನುಗ್ಗೆಮರದ ತುದಿಗೆ ಹೋಗಿ ಸಿಕ್ಕಿಕೊಂಡಿತು.

"ಹಾರ್ತು! ನೋಡೇ, ಹಾರ್ತು! ಮಿಕ್ಸಿ ನಂದು!" ಶಂಕರನಾರಾಯಣರು ಕಾಫಿ ಚೆಲ್ಲಿಕೊಂಡು ಕುಣಿದರು.

ವಿಮಲಾ ಸೊಂಟಕ್ಕೆ ಕೈಯಿಟ್ಟರು.

"ಹಾರಿದ್ದು ನನ್ನ ಸೀರೆ ಕಣ್ರೀ. ನಿಮ್ಮ ವಿಮಾನ ಸೆರಗು ಹಿಡ್ಕೊಂಡು ಹಿಂದೆ ಹೋಯ್ತು ಅಷ್ಟೆ. ಮದುವೆ ಆದಾಗಿಂದ ಈ ಮನೇಲಿ ನಡೀತಾ ಇರೋದೂ ಅದೇ ಅಲ್ವಾ?"

ಕೆಳಗೆ ದಾಕ್ಷಾಯಣಮ್ಮ ಬಿದ್ದು ಬಿದ್ದು ನಕ್ಕರು. ಶಂಕರನಾರಾಯಣರಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಜೇಬಿಗೆ ಕೈ ಹಾಕಿ, ಹಳದಿ ಹಿಡಿಯನ್ನು ಒಮ್ಮೆ ಸವರಿ, ಹೆಂಡತಿಯ ಕೈಗಿಟ್ಟರು.

ಅವತ್ತು ಸಂಜೆ ಅವರು ಪೇಪರು ಓದುವವರಂತೆ ನಟಿಸುತ್ತಿದ್ದಾಗ ಅಡುಗೆಮನೆಯಲ್ಲಿ ಗುಂಯ್ ಎಂದು ಮಿಕ್ಸಿ ಮೊಳಗಿತು. ಓಡಿಹೋದರು.

"ಏನೇ ಹಾಕ್ದೆ ಇದಕ್ಕೆ?"

ವಿಮಲಾ ಸ್ಕ್ರೂಡ್ರೈವರ್ ಕೆಳಗಿಟ್ಟು ಅಂಗೈ ಬಿಚ್ಚಿ ತೋರಿಸಿದರು. ಅದರಲ್ಲಿ ಒಂದು ಕಡಲೆಬೇಳೆ ಇತ್ತು.

"ಏನೂ ಹಾಕ್ಲಿಲ್ಲ ರೀ. ತೆಗೆದೆ."