ನಾಲ್ಕನೆಯ ಷರತ್ತು

ಆ ಶುಕ್ರವಾರ ಜಂಬಣ್ಣ ಮೇಷ್ಟ್ರು ಇಡೀ ಓಣಿಯ ಬೈಗುಳ ತಿಂದದ್ದು ಒಂದು ಸಣ್ಣ ಕಾರಣಕ್ಕೆ. ಎರಡು ವರ್ಷಗಳಿಂದ ಅವರು ಯಾರಿಗೂ ‘ನೀವು ಹೇಳೋದು ತಪ್ಪು’ ಅಂದಿರಲಿಲ್ಲ.

ಮೊದಲು ಹಾಗಿರಲಿಲ್ಲ. ಬಳ್ಳಾರಿಯ ಕಾಲೇಜೊಂದರಲ್ಲಿ ರಾಜ್ಯಶಾಸ್ತ್ರ ಕಲಿಸುತ್ತ ಕುರುಗೋಡಿನಿಂದ ದಿನಾ ಬಸ್ಸಿನಲ್ಲಿ ಓಡಾಡುತ್ತಿದ್ದ ಮೇಷ್ಟ್ರು, ಕೂಲಿಯವರ ಮೆರವಣಿಗೆ ಎಲ್ಲಿದ್ದರೂ ಮುಂದಿನ ಸಾಲಿನಲ್ಲಿ ನಿಂತು ಘೋಷಣೆ ಕೂಗುತ್ತಿದ್ದರು. ಆಮೇಲೆ ಬಚ್ಚಲಲ್ಲಿ ಜಾರಿ ಬಿದ್ದು, ಕಾಲು ಮುರಿದುಕೊಂಡು ಎರಡು ತಿಂಗಳು ಮಂಚ ಹಿಡಿದಾಗ ಫೋನಿನಲ್ಲಿ ಅವರಿಗೆ ಹೊಸ ತತ್ವಜ್ಞಾನ ಸಿಕ್ಕಿತು. ಅದರಲ್ಲಿ ಎರಡು ಭಾಗ. ಒಂದು ಸಮಗ್ರ ದರ್ಶನ: ಪ್ರತಿಯೊಬ್ಬರ ಕೈಯಲ್ಲೂ ನಿಜದ ಒಂದು ಪಾಲು ಇರುತ್ತದೆ, ಹಳೆಯದನ್ನು ಒದ್ದು ಮುಂದೆ ಹೋಗಬಾರದು, ಒಳಗೆ ಸೇರಿಸಿಕೊಂಡು ದಾಟಬೇಕು. ಇನ್ನೊಂದಕ್ಕೆ ಮೆಟಾಮಾಡರ್ನ್ ಎಂದು ಹೆಸರು: ನಂಬಿಕೆಗೂ ಅನುಮಾನಕ್ಕೂ ನಡುವೆ ಜೋಕಾಲಿ ಆಡುತ್ತಲೇ ಮನಸ್ಸಿಟ್ಟು ಕೆಲಸ ಮಾಡಬೇಕು. ಈ ಎರಡನ್ನೂ ಪ್ರಗತಿಪರ ರಾಜಕಾರಣಕ್ಕೆ ಕಸಿ ಕಟ್ಟಿದರೆ ದೇಶ ಬದಲಾಗುತ್ತದೆ ಎಂದು ಮೇಷ್ಟ್ರಿಗೆ ಖಾತ್ರಿಯಾಯಿತು. ಬಳ್ಳಾರಿಯ ಪ್ರಗತಿಪರ ಗೆಳೆಯರಿಗೆ ಅದನ್ನು ವಿವರಿಸಿದರು. ಭಜನೆ ಮಾಡುವವರಿಂದಲೂ ನಾವು ಕಲಿಯುವುದಿದೆ ಅಂದ ಸಂಜೆಯೇ ಗೆಳೆಯರು ಅವರನ್ನು ವಾಟ್ಸಾಪ್ ಗುಂಪಿನಿಂದ ತೆಗೆದುಹಾಕಿದರು. ತೆಗೆದವರ ಕಡೆಗೂ ಒಂದು ಪಾಲು ನಿಜ ಇದೆ ಎಂದು ಮೇಷ್ಟ್ರು ಹೆಂಡತಿ ಕಾವೇರಿಗೆ ಹೇಳಿದರು. ಆಕೆ ರೊಟ್ಟಿ ತಟ್ಟುತ್ತಿದ್ದಳು. ತಟ್ಟುವ ಸದ್ದು ಸ್ವಲ್ಪ ಜೋರಾಯಿತು, ಅಷ್ಟೆ.

ಅವರ ಓಣಿಯ ತುದಿಯಲ್ಲಿ, ಕೆಳಗಿನ ಕೇರಿ ಶುರುವಾಗುವ ಕಡೆ, ಹಳೆಯ ದನದ ದವಾಖಾನೆಯ ಕಟ್ಟಡ ಖಾಲಿ ಬಿದ್ದಿತ್ತು. ಓಣಿ ಮತ್ತು ಕೇರಿಯವರ ಉಪಯೋಗಕ್ಕೆ ಅದನ್ನು ಕೊಡಲು ಪುರಸಭೆ ಒಪ್ಪಿತ್ತು. ಏನು ಮಾಡುತ್ತೀರೆಂದು ಎಲ್ಲರೂ ಸೇರಿ ಬರೆದ ಒಂದೇ ಅರ್ಜಿ, ಪ್ರತಿ ಮನೆಯ ಖಾತೆ ಯಾರ ಹೆಸರಿನಲ್ಲಿದೆಯೋ ಅವರ ಸಹಿಯೊಂದಿಗೆ, ಶುಕ್ರವಾರ ಸಂಜೆ ಐದರೊಳಗೆ ಬರಬೇಕು. ಬರದಿದ್ದರೆ ಕಟ್ಟಡದಲ್ಲಿ ಮುರುಕು ಕುರ್ಚಿ ಮೇಜು ತುಂಬಿ ಬೀಗ ಹಾಕುತ್ತಾರೆ.

ಎಲ್ಲರೂ ಸೇರುವುದೇ ಕಷ್ಟವಾಗಿತ್ತು. ಭಜನಾ ಮಂಡಳಿಯ ಹಿರಿಯ ಕಾಡಸಿದ್ದಪ್ಪಜ್ಜನಿಗೆ ಅಲ್ಲಿ ಭಜನಾ ಮನೆ ಆಗಬೇಕು. ಡಿಗ್ರಿ ಮುಗಿಸಿ ಪೊಲೀಸ್ ಪರೀಕ್ಷೆಗೆ ಓದುತ್ತಿದ್ದ ದುರ್ಗೇಶನಿಗೂ ಅವನ ಗೆಳೆಯರಿಗೂ ಬಸ್‌ ಸ್ಟ್ಯಾಂಡಿನ ದೀಪ ಬಿಟ್ಟು ಕೂತು ಓದಲು ಒಂದು ಕೋಣೆ ಬೇಕು. ಕೆಳಗಿನ ಕೇರಿಯ ಹಂಪಮ್ಮನಿಗೆ ಕೂಸಿನ ಮನೆ ಬೇಕು. ಮೆಣಸಿನಕಾಯಿ ಬಿಡಿಸಲು ಹೋಗುವ ಹೆಂಗಸರು ಕೂಸುಗಳನ್ನು ಹೊಲದ ಬದುವಿನಲ್ಲೇ ಮಲಗಿಸುತ್ತಿದ್ದರು. ಹೋದ ತಿಂಗಳು ಆಕೆಯ ಮೊಮ್ಮಗಳಿಗೆ ಚೇಳು ಕಡಿದು ನಾಲ್ಕು ದಿನ ಆಸ್ಪತ್ರೆಯಲ್ಲಿ ಇಡಬೇಕಾಗಿತ್ತು.

ಬೆಳಿಗ್ಗೆ ಏಳಕ್ಕೆ ಕಾಡಸಿದ್ದಪ್ಪಜ್ಜ ತನ್ನ ಅರ್ಜಿ ಹಿಡಿದು ಮೇಷ್ಟ್ರ ಬಾಗಿಲಿಗೆ ಬಂದ. ಮೇಷ್ಟ್ರು ಕೂಡಿಸಿ, ಮನುಷ್ಯನ ಒಳಗಿನ ಬೆಳವಣಿಗೆಗೆ ಭಕ್ತಿ ಎಷ್ಟು ಮುಖ್ಯ ಎಂದು ಇಪ್ಪತ್ತು ನಿಮಿಷ ಹೇಳಿದರು. ‘ಆದರೆ’ ಎಂದು ಮುಂದಿನ ಭಾಗ ಶುರು ಮಾಡುವಷ್ಟರಲ್ಲಿ ಅಜ್ಜ ಪೆನ್ನು ಕೈಗಿಟ್ಟ. ಮೇಷ್ಟ್ರು ಸಹಿ ಮಾಡಿದರು. ಎಂಟಕ್ಕೆ ಬಸ್‌ ಸ್ಟ್ಯಾಂಡಿನಲ್ಲಿ ದುರ್ಗೇಶ ಹಿಡಿದ. ವಿದ್ಯೆ ಇಲ್ಲದೆ ಸಮಾಜ ಮುಂದೆ ಹೋಗುವುದಿಲ್ಲವೆಂಬುದೂ ನಿಜವೇ ಆಗಿತ್ತು. ಅಲ್ಲೂ ಸಹಿ ಬಿತ್ತು. ಬಸ್ಸು ಹೊರಡುವಾಗ ಹಂಪಮ್ಮ ಕಿಟಕಿಯಿಂದ ಕಾಗದ ತೂರಿಸಿ, ಚೇಳಿನ ಮಾತೆತ್ತಿದಳು. ಮೇಷ್ಟ್ರ ಕಣ್ಣು ಒದ್ದೆಯಾಯಿತು. ಮೂರನೆಯ ಸಹಿಯನ್ನು ಅವರು ಎಲ್ಲಕ್ಕಿಂತ ದೊಡ್ಡದಾಗಿ ಮಾಡಿದರು.

ಅವರಿಗೆ ಮೋಸ ಮಾಡುವ ಮನಸ್ಸೇನೂ ಇರಲಿಲ್ಲ. ಮೂರನ್ನೂ ಒಳಗೊಂಡು ದಾಟುವ ನಾಲ್ಕನೆಯ ಅರ್ಜಿಯೊಂದು ಅವರ ತಲೆಯಲ್ಲಿ ಸಿದ್ಧವಾಗಿತ್ತು. ಕಾಲೇಜಿಗೆ ರಜೆ ಹಾಕಿ, ಬಳ್ಳಾರಿಯ ಝೆರಾಕ್ಸ್ ಅಂಗಡಿಯಲ್ಲಿ ಕೂತು ಅದನ್ನು ಟೈಪ್ ಮಾಡಿಸಿದರು. ಹದಿನಾಲ್ಕು ಪುಟ ಆಯಿತು. ನಾಲ್ಕು ಚೌಕದ ಒಂದು ಚಿತ್ರ, ಅಡಿಟಿಪ್ಪಣಿ ಬೇರೆ. ಟೈಪ್ ಮಾಡುತ್ತಿದ್ದ ಹುಡುಗಿ, ಕಟ್ಟಡದ ಮಾತು ಎಷ್ಟನೇ ಪುಟದಲ್ಲಿ ಬರುತ್ತದೆ ಎಂದು ಕೇಳಿದಳು. ಹನ್ನೆರಡನೆಯದರಲ್ಲಿ ಎಂದು ಮೇಷ್ಟ್ರು ಸಮಾಧಾನದಿಂದ ಉತ್ತರಿಸಿದರು.

ಅಷ್ಟರಲ್ಲಿ ಕುರುಗೋಡಿನಲ್ಲಿ ಮೂರು ಅರ್ಜಿಗಳೂ ಪುರಸಭೆಯ ಮೇಜಿನ ಮೇಲೆ ಬಂದು ಒಂದರ ಪಕ್ಕ ಒಂದು ಕೂತಿದ್ದವು. ಮುಖ್ಯಾಧಿಕಾರಿ ಶಾಂತ ಸ್ವಭಾವದವರು. ಮೂರರಲ್ಲೂ ಮೇಷ್ಟ್ರ ಸಹಿ ಇರುವುದನ್ನು ನೋಡಿ ಅವರಿಗೆ ಫೋನ್ ಮಾಡಿದರು. ಇದರಲ್ಲಿ ಯಾವುದು ನಿಮ್ಮದು ಎಂದು ಕೇಳಿದಾಗ, ಮೂರರಲ್ಲೂ ನಾನು ಭಾಗಶಃ ಇದ್ದೇನೆ ಎಂದು ಮೇಷ್ಟ್ರು ಹೇಳಿದರು. ಸಾಹೇಬರು ಫೋನ್ ಇಟ್ಟು, ಮೂರು ಅರ್ಜಿಗಳನ್ನೂ ವಾಪಸ್ಸು ಕೊಟ್ಟು, ಐದರೊಳಗೆ ಒಂದು ತನ್ನಿ ಎಂದು ಎಲ್ಲರನ್ನೂ ಕಳಿಸಿದರು.

ಸುದ್ದಿ ಬಿಸಿಲಿಗಿಂತ ಬೇಗ ಹರಡಿತು. ಮೊದಲ ಫೋನು ಅಜ್ಜನದು.

“ಜಂಬಣ್ಣ, ನೀನು ನಮ್ಮ ಕಡಿ ಅದೀಯೋ, ಕೆಳಗಿನ ಕೇರಿ ಕಡಿ ಅದೀಯೋ?”

“ಅಜ್ಜ, ಕಡಿ ಅನ್ನೋದ ಇಲ್ಲ. ಬಂದು ಬಿಡಿಸಿ ಹೇಳ್ತೀನಿ.”

ದುರ್ಗೇಶನಿಗೂ ಹಂಪಮ್ಮನಿಗೂ ಅದೇ ಉತ್ತರ ಹೋಯಿತು. ಮೂರು ಗುಂಪಿನವರೂ ಮೇಷ್ಟ್ರು ಬರುವ ದಾರಿ ಕಾಯುತ್ತ ದನದ ದವಾಖಾನೆಯ ಪಡಸಾಲೆಯಲ್ಲಿ ಕೂತರು. ಓಣಿಯಲ್ಲಿ ಮಧ್ಯಾಹ್ನ ನೆರಳಿರುವ ಜಾಗ ಅದೊಂದೇ.

ಮೇಷ್ಟ್ರು ಅವಸರಕ್ಕೆ ಸಿರುಗುಪ್ಪದ ಬಸ್ಸು ಹತ್ತಿದರು. ಕುರುಗೋಡು ಕ್ರಾಸಿನಲ್ಲಿ ಇಳಿದರೆ ಅಲ್ಲಿಂದ ಆಟೋ ಸಿಗುತ್ತದೆ. ಅವರು ಕ್ರಾಸಿಗೆ ಟಿಕೆಟ್ ತೆಗೆದಾಗ ಪಕ್ಕದಲ್ಲಿ ಸುಂಕಣ್ಣ ಎಂಬ ಭತ್ತದ ರೈತ ಕೂತಿದ್ದ. ಕೈಯಲ್ಲಿದ್ದ ಕಾಗದ ಏನೆಂದು ಅವನು ಸುಮ್ಮನೆ ಕೇಳಿದ. ಮೇಷ್ಟ್ರು ಮೊದಲ ಪುಟದಿಂದ ಹಿಡಿದರು. ಸುಂಕಣ್ಣ ಪ್ರತಿಯೊಂದಕ್ಕೂ ತಲೆಯಾಡಿಸಿದ. ಇಷ್ಟು ಗಮನವಿಟ್ಟು ಕೇಳುವವರು ಎರಡು ವರ್ಷದಲ್ಲಿ ಸಿಕ್ಕಿರಲಿಲ್ಲವಾದ್ದರಿಂದ ಮೇಷ್ಟ್ರು ಅಡಿಟಿಪ್ಪಣಿಗಳನ್ನೂ ಬಿಡಲಿಲ್ಲ. ಒಂಬತ್ತನೆಯ ಪುಟಕ್ಕೆ ಬಂದಾಗ ಬಸ್ಸು ನಿಂತಿತು. ಸುಂಕಣ್ಣ ಚೀಲ ಎತ್ತಿಕೊಂಡ.

“ತೆಕ್ಕಲಕೋಟಿ ಬಂತ್ರಿ ಸಾರ್. ನಿಮ್ಮ ಕ್ರಾಸು ಹೋಗಿ ಬಾಳೊತ್ತಾತು. ಹೇಳಾಕ ಮೂರು ಸಲ ಬಾಯಿ ತೆಗದೆ, ನೀವು ಅದನ್ನೂ ಒಪ್ಪಿಗಿ ಅಂತ ತಿಳಕಂಡ್ರಿ.”

ಮೇಷ್ಟ್ರು ಧಡಪಡಿಸಿ ಇಳಿದರು. ವಾಪಸ್ಸು ಬರುವ ಬಸ್ಸು ಇನ್ನು ಮುಕ್ಕಾಲು ಗಂಟೆಯ ನಂತರವೇ ಇತ್ತು. ಕಡೆಗೆ ಹುಲ್ಲು ತುಂಬಿದ ಲಗೇಜ್ ಆಟೋವೊಂದರ ಹಿಂದೆ ಹತ್ತಿ, ಗುಂಡಿ ಬಂದಾಗಲೆಲ್ಲ ಗಾಳಿಪಟದಂತೆ ಮೇಲೆದ್ದು ಕೂತು, ನಾಲ್ಕೂವರೆಗೆ ಓಣಿ ಮುಟ್ಟಿದರು. ತಲೆಯಲ್ಲಿ ಹುಲ್ಲು, ಮೀಸೆಯಲ್ಲಿ ಹುಲ್ಲು. ಜಾತ್ರೆಯಲ್ಲಿ ವೇಷ ಅರ್ಧಕ್ಕೆ ಕಳಚಿದವನ ಹಾಗೆ ಕಾಣುತ್ತಿದ್ದರು.

ಪಡಸಾಲೆಯಲ್ಲಿ ಜಗಳ ಇರುತ್ತದೆ ಎಂದುಕೊಂಡಿದ್ದರು. ಅಲ್ಲಿ ಸದ್ದೇ ಇರಲಿಲ್ಲ. ಹಂಪಮ್ಮನ ಮೊಮ್ಮಗಳು ಕಾಡಸಿದ್ದಪ್ಪಜ್ಜನ ತೊಡೆಯ ಮೇಲೆ ನಿದ್ದೆ ಹೋಗಿದ್ದಳು. ದುರ್ಗೇಶ ನೀರಿನ ಕೊಡದಿಂದ ಚೆಂಬಿನಲ್ಲಿ ನೀರು ಮೊಗೆದು ಎಲ್ಲರಿಗೂ ಕೊಡುತ್ತಿದ್ದ. ಕೊಡ ಕೆಳಗಿನ ಕೇರಿಯದು. ಅಜ್ಜ ಅದೇ ಚೆಂಬಿನಿಂದ ಕುಡಿಯುತ್ತಿದ್ದುದನ್ನು ಮೇಷ್ಟ್ರು ಕಣ್ಣಾರೆ ಕಂಡರು. ಅದೊಂದಕ್ಕಾಗಿ ಅವರು ಹದಿನೈದು ವರ್ಷ ಭಾಷಣ ಮಾಡಿದ್ದರು.

ಗಂಟಲು ಸರಿಮಾಡಿಕೊಂಡು ಮೊದಲ ಪುಟ ತೆರೆದರು. ಅಜ್ಜ, ಕೂಸು ಎದ್ದೀತು ಎಂದು ಸನ್ನೆ ಮಾಡಿ ಪಕ್ಕದಲ್ಲಿ ಕೂಡಿಸಿಕೊಂಡ. ದುರ್ಗೇಶ ಒಂದು ಹಾಳೆ ಕೈಗಿಟ್ಟ. ಅದರಲ್ಲಿ ಮೂರು ಷರತ್ತು ಇದ್ದವು. ಒಂದು, ಹಗಲು ಕೂಸಿನ ಮನೆ; ಓಣಿಯ ಅಜ್ಜ ಅಜ್ಜಿಯರು ಸರದಿಯಂತೆ ಕೂಸು ನೋಡಿಕೊಳ್ಳುವುದು. ಎರಡು, ಸಂಜೆ ಓದುವ ಕೋಣೆ; ಸೋಮವಾರ ಮಾತ್ರ ಭಜನೆ, ಪರೀಕ್ಷೆಯ ತಿಂಗಳಲ್ಲಿ ಅದೂ ಮೆಲ್ಲಗೆ. ಮೂರು, ಬಾಗಿಲು ಒಂದೇ, ನೀರಿನ ಕೊಡ ಒಂದೇ, ಎಲ್ಲರಿಗೂ.

ಮೇಷ್ಟ್ರು ಅದನ್ನು ಎರಡು ಸಲ ಓದಿದರು. ಅವರ ಹದಿನಾಲ್ಕು ಪುಟ ಒಂಬತ್ತು ಸಾಲಿನಲ್ಲಿ ಬಂದಿತ್ತು. ಒಳಗೊಂಡು ದಾಟುವುದೆಂದರೆ ಇದೇ ಅಲ್ಲವೇ? ಇದು ಹೇಗಾಯಿತು ಎಂದು ಕೇಳಿದರು.

“ನಿಮ್ಮಿಂದನ ಆತ್ರಿ,” ಹಂಪಮ್ಮ ಹೇಳಿದಳು. “ಮೊದಲು ನಿಮ್ಮನ್ನ ಬೈಯಾಕ ಹತ್ತಿದ್ವಿ. ಇವ್ರು ಬೈದಿದ್ದು ನಮಗ ಖರೇ ಅನಿಸ್ತು, ನಾವು ಬೈದಿದ್ದು ಇವ್ರಿಗೆ ಖರೇ ಅನಿಸ್ತು. ಒಂದು ತಾಸು ಬೈದ್ವಿ. ಬೈಗುಳ ಮುಗದುವು, ನೀವು ಬರಲಿಲ್ಲ. ಸುಮ್ನ ಕುಂತು ಏನು ಮಾಡಾದು ಅಂತ ಕಟ್ಟಡದ ಮಾತು ತೆಗದ್ವಿ.”

ಮೇಷ್ಟ್ರಿಗೆ ನಗು ಬಂತು, ಅಳುವೂ ಬಂತು. ಹಾಳೆ ಮಡಚುವಾಗ ಹಿಂದೆ ಇನ್ನೊಂದು ಸಾಲು ಕಂಡಿತು. ನಾಲ್ಕನೆಯ ಷರತ್ತು: ಜಂಬಣ್ಣ ಮೇಷ್ಟ್ರು ಈ ಸಮಿತಿಯಲ್ಲಿ ಇರತಕ್ಕದ್ದಲ್ಲ, ಕಟ್ಟಡದೊಳಗೆ ಐದು ನಿಮಿಷಕ್ಕಿಂತ ಹೆಚ್ಚು ಮಾತಾಡತಕ್ಕದ್ದಲ್ಲ.

ಅಕ್ಷರ ದುಂಡಗಿತ್ತು. ಎಲ್ಲೋ ನೋಡಿದ ಅಕ್ಷರ. ಮೇಷ್ಟ್ರು ತಲೆಯೆತ್ತಿದರು. ಕಂಬದ ಹಿಂದೆ ಹೆಂಗಸರ ನಡುವೆ ಕಾವೇರಿ ಕೂತಿದ್ದಳು.

“ಇದನ್ನ ಬರೆದದ್ದು ಯಾರು?”

“ನಾನ. ಮೂರೂ ಮಂದಿ ಒಂದ ದನಿಲೆ ಹೇಳಿದ್ದು ಇದೊಂದ. ಉಳಿದ ಮೂರಕ್ಕ ಬಾಳ ಹೊತ್ತು ಹಿಡೀತು.”

ಎಲ್ಲರ ಸಹಿ ಆಗಿತ್ತು. ಕೆಳಗಿನ ಕೇರಿಗೆ ಸರ್ಕಾರ ಕೊಟ್ಟ ಆಶ್ರಯ ಮನೆಗಳು ಹೆಂಗಸರ ಹೆಸರಿನಲ್ಲೇ ಇದ್ದುದರಿಂದ ಅಲ್ಲಿಯವರೆಲ್ಲ ತಾವೇ ಸಹಿ ಹಾಕಿದ್ದರು. ಬಾಕಿ ಇದ್ದದ್ದು ಒಂದೇ ಮನೆ, ಮೇಷ್ಟ್ರದು. ನನ್ನ ಬದಲಿಗೆ ನೀನೇ ಮಾಡಿಬಿಡಬೇಕಿತ್ತು ಎಂದು ಮೇಷ್ಟ್ರು ಹೆಂಡತಿಗೆ ಸಣ್ಣಗೆ ಹೇಳಿದರು.

“ನಾನ ಮಾಡ್ತಿದ್ದೆ. ಆದ್ರ ಮನಿ ನಿಮ್ಮ ಹೆಸರಿನ್ಯಾಗ ಐತಿ.”

ಹೆಂಗಸರ ಆಸ್ತಿ ಹಕ್ಕಿನ ಬಗ್ಗೆ ಮೇಷ್ಟ್ರು ಬಳ್ಳಾರಿಯಲ್ಲಿ ಮಾಡಿದ ಭಾಷಣಗಳು ಆ ಕ್ಷಣ ಒಂದೊಂದಾಗಿ ನೆನಪಾದವು. ಗಂಟೆ ಐದಕ್ಕೆ ಹತ್ತು ನಿಮಿಷ. ಸಹಿ ಮಾಡದಿದ್ದರೆ ಕಟ್ಟಡಕ್ಕೆ ಮುರುಕು ಕುರ್ಚಿಗಳು ಬರುತ್ತವೆ; ಮಾಡಿದರೆ ತಾವೇ ಹೊರಗೆ. ಅವರು ಅಜ್ಜನ ತೊಡೆಯ ಮೇಲಿದ್ದ ಕೂಸನ್ನು ನೋಡಿದರು. ಪಾದದ ಮೇಲೆ ಚೇಳಿನ ಗಾಯದ ಕಪ್ಪು ಗುರುತು ಇನ್ನೂ ಇತ್ತು. ಪೆನ್ನು ತೆಗೆದು ಸಹಿ ಮಾಡಿದರು. ಈ ಸಲ ಚಿಕ್ಕದಾಗಿ.

ಎಲ್ಲರೂ ದಡದಡ ಪುರಸಭೆಗೆ ನಡೆದರು. ಮುಖ್ಯಾಧಿಕಾರಿ ಹಾಳೆ ಓದಿ, ಹಿಂದೆ ತಿರುವಿ, ಮತ್ತೆ ಓದಿ, ಮೇಷ್ಟ್ರ ಮುಖ ನೋಡಿದರು. ಬೆಳಿಗ್ಗೆ ಮೂರಕ್ಕೂ ಸಹಿ ಮಾಡಿದ್ದೀರಿ, ಇದಕ್ಕೂ ಮಾಡಿದ್ದೀರಿ, ಇದಾದರೂ ನಿಜವೇ ಎಂದು ಕೇಳಿದರು. ಓಣಿಯವರು ಗೋಡೆಯ ಗಡಿಯಾರ ನೋಡಿದರು. ಮೇಷ್ಟ್ರು ಬಾಯಿ ತೆರೆದರೆ ಗಂಟೆ ಐದು ದಾಟುವುದು ಖಚಿತವಾಗಿತ್ತು.

“ಹೌದ್ರಿ,” ಅಂದರು ಮೇಷ್ಟ್ರು. ಮುಂದೇನೂ ಹೇಳಲಿಲ್ಲ.

ಮೊಹರು ಬಿತ್ತು, ಕಟ್ಟಡದ ಕೀಲಿಯೂ ಸಿಕ್ಕಿತು. ಹೊರಗೆ ಬರುತ್ತ ಅಜ್ಜ ಅವರ ಬೆನ್ನಿನ ಹುಲ್ಲು ಕೊಡವಿದ. ಕಾವೇರಿ ಮುಂದೆ ಹಂಪಮ್ಮನ ಜೊತೆ ಕೀಲಿ ಹಿಡಿದು ನಡೆಯುತ್ತಿದ್ದಳು. ಸಮಿತಿಗೆ ಅವಳನ್ನೇ ಕಾರ್ಯದರ್ಶಿ ಮಾಡಿದ್ದರೆಂದು ಮೇಷ್ಟ್ರಿಗೆ ದಾರಿಯಲ್ಲಿ ತಿಳಿಯಿತು. ಸೋಮವಾರ ಮನೆಯ ಖಾತೆಗೆ ಅವಳ ಹೆಸರನ್ನೂ ಸೇರಿಸಲು ಅರ್ಜಿ ಕೊಡುವುದೆಂದು ಅವರು ಮನಸ್ಸಿನಲ್ಲೇ ತೀರ್ಮಾನಿಸಿ, ಯಾರಿಗೂ ಹೇಳದೆ ಹಿಂದೆ ನಡೆದರು.

ತಿರುವಿನಲ್ಲಿ ಹಂಪಮ್ಮ ನಿಂತಳು. ನಾಳೆ ಬೆಳಿಗ್ಗೆ ಏಳಕ್ಕೆ ದವಾಖಾನೆ ಗುಡಿಸುವುದಿದೆ, ಅದಕ್ಕೆ ಷರತ್ತು ಅಡ್ಡ ಬರುವುದಿಲ್ಲ, ಬರುತ್ತೀರಾ ಎಂದು ಕೇಳಿದಳು. ಬರುತ್ತೇನೆ ಎಂದ ಮೇಷ್ಟ್ರು, ಸ್ವಲ್ಪ ತಡೆದು, ಗುಡಿಸುವಾಗ ಮಾತಾಡಬಹುದೇ ಎಂದು ವಿಚಾರಿಸಿದರು.

ಹಂಪಮ್ಮ ಕಾವೇರಿಯ ಮುಖ ನೋಡಿದಳು. ಕಾವೇರಿ ಯೋಚಿಸಿದಳು.

“ಅಂಗಳ ಗುಡಿಸುವಾಗ ಮಾತಾಡ್ರಿ,” ಅಂದಳು. “ಅದು ಕಟ್ಟಡದ ಹೊರಗ ಐತಿ.”