ಬೇವಿನ ಮರಕ್ಕೆ ಮೂರು ಸರ್ಕಾರ

ಕೆಲವರಿಗೆ ಕುಡಿತದ ಚಟ, ಕೆಲವರಿಗೆ ಇಸ್ಪೀಟಿನ ಚಟ. ನನಗಿರುವುದು ಯಾವ ಕೆಲಸ ಯಾವ ಸರ್ಕಾರದ್ದು ಎಂದು ಹೇಳುವ ಚಟ. ಬೀದಿಯಲ್ಲಿ ಪೈಪು ಒಡೆದು ನೀರು ಚಿಮ್ಮುತ್ತಿದ್ದರೆ ಉಳಿದವರು ಬಟ್ಟೆ ಎತ್ತಿಕೊಂಡು ದಾಟಿ ಹೋಗುತ್ತಾರೆ. ನಾನು ಮಾತ್ರ ಅಲ್ಲೇ ನಿಂತು, ಇದು ಪಾಲಿಕೆಗೆ ಸೇರಿದ್ದೋ ರಾಜ್ಯಕ್ಕೆ ಸೇರಿದ್ದೋ ಎಂದು ಪಕ್ಕದವರಿಗೆ ವಿವರಿಸಿ, ತೊಯ್ದುಕೊಂಡು ಮನೆಗೆ ಬರುತ್ತೇನೆ. ಈ ತೆಲುಗು ಸೀಮೆಗೆ ಬಂದು, ಬಾಲಾನಗರದ ಕಡೆಯ ಕೇಂದ್ರ ಸರ್ಕಾರದ ಕಾರ್ಖಾನೆಯೊಂದರ ಆಡಳಿತ ವಿಭಾಗದಲ್ಲಿ ತಲೆ ನರೆಯುವ ತನಕ ಕೂತವನು ನಾನು. ಫೈಲು ಬಂದರೆ ಓದುವುದಕ್ಕೂ ಮೊದಲು, ಅದು ನಮ್ಮದಲ್ಲ ಎಂದು ತೋರಿಸಲು ದಾರಿ ಇದೆಯೇ ಎಂದು ನೋಡುವುದು ನಾನು ರೂಢಿಸಿಕೊಂಡ ಶಿಸ್ತು. ನಿವೃತ್ತನಾದ ಮೇಲೂ ಅದು ಬಿಡಲಿಲ್ಲ. ಒಮ್ಮೆ ಹಾಲು ಉಕ್ಕುವಾಗ, ಅಡಿಗೆಮನೆ ನಿನ್ನ ವ್ಯಾಪ್ತಿ ಎಂದು ಕುರ್ಚಿಯಿಂದ ಏಳದೆ ಕೂಗಿದ್ದೆ. "ಹಾಲು ಕುಡಿಯೂದು ಯಾರ ವ್ಯಾಪ್ತೀರಿ?" ಎಂದು ಹೆಂಡತಿ ಸುಮಿತ್ರಾ ಅಲ್ಲಿಂದಲೇ ಕೇಳಿದ್ದಳು.

ನಮ್ಮ ಓಣಿಯ ಕೊನೆಗೆ ಒಂದು ಬೇವಿನ ಮರವಿತ್ತು. ಇತ್ತು ಎಂದು ಬರೆಯಲು ಈಗಲೂ ಕೈ ಬರುವುದಿಲ್ಲ. ಅದರ ಬೇರು ಕಾರ್ಖಾನೆಯ ಕ್ವಾರ್ಟರ್ಸಿನ ಕಾಂಪೌಂಡಿನೊಳಗೆ, ಅಂದರೆ ಕೇಂದ್ರದಲ್ಲಿ. ಕಾಂಡ ಗೋಡೆಯ ಮೇಲಿಂದ ಓಣಿಗೆ ಬಾಗಿತ್ತು, ಓಣಿ ಪಾಲಿಕೆಯದು. ಟೊಂಗೆಗಳು ಕರೆಂಟಿನ ತಂತಿಯೊಳಗೆ ಹೊಕ್ಕಿದ್ದವು, ತಂತಿ ರಾಜ್ಯದ್ದು. ಕೆಳಗಿನ ಕಲ್ಲುಬೆಂಚಿನ ಮೇಲೆ ಸಂಜೆಯಾದರೆ ನಮ್ಮ ಕಡೆಯ, ಅಂದರೆ ಬಾಗಲಕೋಟೆ, ರಾಯಚೂರು, ಬೀದರದ ಹೆಣ್ಣುಮಕ್ಕಳು ಸೇರುತ್ತಿದ್ದರು. ತರಕಾರಿಯವನ ಜೊತೆ ತೆಲುಗು, ಆಟೋದವನ ಜೊತೆ ಹಿಂದಿ ಎಂದು ದಿನವಿಡೀ ಹೆಣಗಿದವರು ಅಲ್ಲಿ ಬಂದು ಕನ್ನಡದಲ್ಲಿ ಬಿದ್ದುಬಿದ್ದು ನಗುತ್ತಿದ್ದರು. ಸುಮಿತ್ರಾಳ ಮೊಣಕಾಲು ಮೆಟ್ಟಿಲು ಹತ್ತಲು ಬಿಡುವುದಿಲ್ಲ. ಯಾರ ಮಹಡಿಗೂ ಹೋಗಲಾರದ ಅವಳಿಗೆ ತವರು, ಬಳಗ ಎಲ್ಲ ಆ ನೆರಳೇ ಆಗಿತ್ತು.

ಹೋದ ಬೇಸಿಗೆಯಲ್ಲಿ ಒಂದು ಟೊಂಗೆ ಒಣಗಿ ಬೆಂಚಿನ ಮೇಲೆಯೇ ಜೋತಾಡತೊಡಗಿತು. ಪಕ್ಕದ ಮನೆಯ ಮಲ್ಲಪ್ಪ ನಮ್ಮದೇ ಕಾರ್ಖಾನೆಯಿಂದ ನಿವೃತ್ತನಾದವನು, ಕೈ ಸುಮ್ಮನಿರದ ಮನುಷ್ಯ. "ಸಾಹೇಬ್ರ, ಒಂದು ಹಗ್ಗ, ಒಂದು ಗರಗಸ ಸಾಕ್ರಿ. ರವಿವಾರ ಮುಂಜಾನೆ ಆ ಒಣಾ ಟೊಂಗಿ ಇಳಿಸಿಬಿಡೂಣು" ಎಂದ.

ನನ್ನ ಮೈಮೇಲೆ ಸಂವಿಧಾನವೇ ಬಂದಂತಾಯಿತು. "ಬರೇ ಮರ ಅಲ್ರಿ ಅದು ಮಲ್ಲಪ್ಪ, ಅದರಾಗ ಮೂರು ಸರ್ಕಾರ ಐತಿ. ಯಾರೂ ಕೈ ಹಚ್ಚಬ್ಯಾಡ್ರಿ, ನಾ ನೋಡ್ಕೋತೀನಿ" ಎಂದೆ.

"ನೋಡ್ಕೋತೀನಿ ಅಂದ್ರ ನನಗ ಭಾಳ ಹೆದರಿಕಿ ಆಕೈತಿ" ಎಂದಳು ಸುಮಿತ್ರಾ.

ಮೊದಲು ನನ್ನ ಹಳೆಯ ಆಫೀಸಿಗೆ ಹೋದೆ. ನನ್ನ ಕುರ್ಚಿಯಲ್ಲಿ ಕೂತಿದ್ದವನು ನಾನೇ ತಿದ್ದಿ ತಯಾರು ಮಾಡಿದ ಹುಡುಗ. ಮರ ಗೋಡೆಯ ಹೊರಗೆ ಬಾಗಿದೆಯಲ್ಲ ಸಾರ್, ಅದು ಪಾಲಿಕೆಯದು ಎಂದು ನನ್ನ ಪಾಠವನ್ನು ನನಗೇ ಒಪ್ಪಿಸಿದ. ಪಾಲಿಕೆಯ ವಾರ್ಡ್ ಆಫೀಸಿನವರು ತಂತಿ ತೋರಿಸಿ ಕರೆಂಟ್ ಆಫೀಸಿಗೆ ಕಳಿಸಿದರು. ಕರೆಂಟ್ ಆಫೀಸಿನವರು, ಬೇರು ಯಾರದೋ ಅವರನ್ನೇ ಕೇಳಿ ಎಂದರು. ಬೇರೆ ಯಾರಾದರೂ ಆಗಿದ್ದರೆ ಅಲ್ಲಿಗೆ ಕೈಮುಗಿದು ಮನೆಗೆ ಬಂದು ಮಲ್ಲಪ್ಪನ ಗರಗಸಕ್ಕೆ ಎಣ್ಣೆ ಹಚ್ಚುತ್ತಿದ್ದರು. ನನಗೆ ಮಾತ್ರ ಹುರುಪು ಏರಿತು. ಮೂವರಿಗೂ ಉಳಿದಿಬ್ಬರ ಕರ್ತವ್ಯಗಳನ್ನು ಅವರ ಊಟದ ಹೊತ್ತಿನಲ್ಲಿ ವಿವರಿಸಿದೆ. ನನ್ನ ಕಾಟ ತಾಳಲಾರದೆ ಇರಬೇಕು, ಕೊನೆಗೆ ಜಂಟಿ ಪರಿಶೀಲನೆಗೆ ಒಪ್ಪಿದರು. ಆ ಸುದ್ದಿಯನ್ನು ಓಣಿಯ ಮನೆಮನೆಗೂ ಹೋಗಿ ಹೇಳಿ ಬಂದೆ.

ಆ ದಿನ ಮೂರು ಗಾಡಿಗಳು ಸಾಲಾಗಿ ಬಂದು ನಿಂತವು. ಸುಮಿತ್ರಾ ಚಹಾ ಮಾಡಿ, ಚುರುಮುರಿ ಕಲಸಿಕೊಟ್ಟಳು. ಕೇಂದ್ರ, ರಾಜ್ಯ, ಪಾಲಿಕೆ ಒಂದೇ ತಟ್ಟೆಗೆ ಕೈ ಹಾಕಿ ತಿನ್ನುವುದನ್ನು ಕಂಡು ನನ್ನ ಕಣ್ಣು ತುಂಬಿತು. ಮರದ ನೆರಳಿನಲ್ಲೇ ನಿಂತು ಮಾತಾಡಿಕೊಂಡರು. ಬೇರಿನಿಂದ ಗೋಡೆಗೆ ಬಿರುಕು, ಕಾಂಡದಿಂದ ಓಣಿ ಇಕ್ಕಟ್ಟು, ಟೊಂಗೆಯಿಂದ ತಂತಿಗೆ ತೊಂದರೆ ಎಂದರು. ಯಾರಿಗೂ ಬೇಡವಾಗಿದ್ದ ಮರದ ವಿಷಯದಲ್ಲಿ ಒಬ್ಬರ ಮಾತನ್ನೂ ಇನ್ನೊಬ್ಬರು ತಳ್ಳಿಹಾಕಲಿಲ್ಲ. ಕರೆಂಟಿನವರು ಟೊಂಗೆ ಸವರಿದರು, ಪಾಲಿಕೆಯವರು ಕಾಂಡ ಕೊಯ್ದರು, ಕಾರ್ಖಾನೆಯವರು ಬೇರು ಕಿತ್ತರು. "ಒಂದೇ ಟೊಂಗೆ ಸಾರ್, ಒಣಗಿದ್ದು ಒಂದೇ" ಎಂದು ಒಬ್ಬೊಬ್ಬರ ಹಿಂದೆಯೂ ಓಡಾಡಿದೆ. ಯಂತ್ರದ ಸದ್ದಿನಲ್ಲಿ ಅದು ನನಗೇ ಕೇಳಿಸಲಿಲ್ಲ. ಇಡೀ ಸರ್ವಿಸಿನಲ್ಲಿ ನೋಡಲು ಹಂಬಲಿಸಿದ ಸಮನ್ವಯ, ಸಂಜೆಯೊಳಗೆ ಮುಗಿದೇ ಹೋಯಿತು. ಹೋಗುವಾಗ ಒಬ್ಬರು ಕೈಕುಲುಕಿ, ನಿಮ್ಮಂಥ ನಾಗರಿಕರು ಬೇಕು ಎಂದು ತೆಲುಗಿನಲ್ಲಿ ಹೊಗಳಿದರು. ಸುಮಿತ್ರಾ ಖಾಲಿ ತಟ್ಟೆ ಎತ್ತಿಕೊಂಡು ಒಳಗೆ ಹೋದಳು. ಬೈದಿದ್ದರೆ ಚೆನ್ನಾಗಿತ್ತು.

ಈಗ ಆ ಬೆಂಚು ದೀಪ ಹಚ್ಚುವ ಹೊತ್ತಿಗೂ ಸುಡುತ್ತಿರುತ್ತದೆ. ಯಾರೂ ಬರುವುದಿಲ್ಲ. ಸುಮಿತ್ರಾ ಒಳಗೆ ಕೂತು ತೆಲುಗು ಧಾರಾವಾಹಿ ನೋಡುತ್ತಾಳೆ. ಒಂದು ಸಂಜೆ, ಗೊತ್ತಿಲ್ಲದೆಯೇ, "ಟೀ ತಾಗುತಾರಾ?" ಎಂದು, ಚಹಾ ಕುಡಿಯುತ್ತೀರಾ ಎನ್ನುವುದನ್ನು ನನ್ನನ್ನೇ ತೆಲುಗಿನಲ್ಲಿ ಕೇಳಿದಳು. ನಾನು ನಕ್ಕೆ. ಅವಳು ನಗಲಿಲ್ಲ.

ಮರುದಿನವೇ ಹೋಗಿ ಬೇವಿನ ಸಸಿಯೊಂದನ್ನು ತಂದೆ. "ಎಲ್ಲಿ ಹಚ್ಚೂದ್ರಿ?" ಎಂದಳು. "ಗೋಡಿ ಈಚಿಗೆ ಹಚ್ಚಿದ್ರ ಪಾಲಿಕೆ ಬರತೈತಿ, ಆಚಿಗಾದ್ರ…" ಎನ್ನುವಷ್ಟರಲ್ಲಿ ಸಸಿ ನನ್ನ ಕೈಯಲ್ಲಿರಲಿಲ್ಲ. ಮಲ್ಲಪ್ಪನನ್ನು ಕರೆದು ಬೆಂಚಿನ ಪಕ್ಕವೇ ನೆಡಿಸಿ, ನೀರು ಹಾಕಿ ಬಂದಳು. "ಯಾರರ ಕೇಳಿದ್ರ 'ಗೊತ್ತಿಲ್ಲ' ಅನ್ರಿ. ಲಗ್ನ ಆದಾಗಿಂದ ಅದೊಂದು ಮಾತು ನಿಮ್ಮ ಬಾಯಾಗ ಕೇಳಿಲ್ಲ ನಾ" ಎಂದಳು. ಆಣೆ ಮಾಡಿ ಒಪ್ಪಿದೆ.

ನಿನ್ನೆ ವಾರ್ಡ್ ಆಫೀಸಿನವನೊಬ್ಬ ಬೈಕ್ ನಿಲ್ಲಿಸಿ, ಈ ಸಸಿ ನೆಟ್ಟವರು ಯಾರು ಸಾರ್ ಎಂದು ಕೇಳಿದ. ಕಿಟಕಿಯಲ್ಲಿ ಸುಮಿತ್ರಾ ನಿಂತಿದ್ದಳು. "ತೆಲೀದು" ಎಂದೆ, ಗೊತ್ತಿಲ್ಲ ಎಂದು ಸ್ಪಷ್ಟ ತೆಲುಗಿನಲ್ಲಿ. ಎಷ್ಟೋ ದಿನದ ಮೇಲೆ ಅವಳ ಮುಖದಲ್ಲಿ ನಗು ಕಂಡಿತು. ಅವನು ಬೈಕ್ ಚಾಲೂ ಮಾಡಿದ. ಅಲ್ಲಿಗೆ ನಾನು ಬಾಯಿ ಮುಚ್ಚಬೇಕಿತ್ತು.

"ಆದರೆ ಯಾವ ಆಫೀಸಿನಲ್ಲಿ ವಿಚಾರಿಸಬೇಕು ಅನ್ನುವುದು ಗೊತ್ತು" ಎಂದುಬಿಟ್ಟೆ.

ಅವನು ಬೈಕ್ ಬಂದ್ ಮಾಡಿದ. ಕಿಟಕಿಯೂ ಬಂದ್ ಆಯಿತು.